ಮಾವನವರ ಸಹಿಗಳನ್ನು ಹುಡುಕುತ್ತಾ

ಗುರುವಾರ

ಧಾರವಾಡದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರಗಳ ನಡುವೆ ಪುಣ್ಯಸ್ಮರಣೆಯ ಕಾರ್ಡುಗಳೂ ಬರುತ್ತಲೇ ಇರುತ್ತವೆ. ಆ ಕಾರ್ಡುಗಳಲ್ಲಿ ತೀರಿಕೊಂಡವರೆಲ್ಲ ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು, ಆದರ್ಶ ಗೃಹಸ್ಥರು, ಅಜಾತಶತ್ರುಗಳು. ಮೀಟರ್ ಬಡ್ಡಿಗೆ ಸಾಲ ಕೊಡುತ್ತಿದ್ದವನೂ ಅಜಾತಶತ್ರುವೇ. ಹಾಗಾಗಿ ಮಾವನವರ ವರ್ಷಾಬ್ದಿಕಕ್ಕೆ ಹೊರಡುವ ಮುಂಚೆ ಭಾವಮೈದುನ ಫೋನ್ ಮಾಡಿ, "ಭಾವ, ಭಾನುವಾರ ಅಪ್ಪನ ಜೊತೆ ಕೆಲಸ ಮಾಡಿದವರೆಲ್ಲ ಸೇರುತ್ತಾರೆ. ಅವರ ಬಗ್ಗೆ ಎರಡು ಪುಟ ಬರೆದು ಓದಿಬಿಡಿ" ಎಂದಾಗ ಹೂಂ ಎಂದೆನೇ ಹೊರತು, ಏನು ಬರೆಯುವುದೆಂದು ತೋಚಲಿಲ್ಲ. ಬಡಗಿ ಹೋದರೆ ಅವನು ಕೂರಿಸಿದ ಬಾಗಿಲು ಇರುತ್ತದೆ. ಖಾಸಗಿ ಕಂಪನಿಯ ಜನರಲ್ ಮ್ಯಾನೇಜರ್ ಆಗಿ ನಿವೃತ್ತರಾದವರು ಬಿಟ್ಟುಹೋಗುವುದು ಏನನ್ನು? ಸಹಿಗಳನ್ನು. ಅವೂ ಇರುವುದು ಬೇರೆಯವರ ಕಪಾಟುಗಳಲ್ಲಿ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬೆಳಗ್ಗೆ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ತಂದು ಇಳಿಸಿತು. ಅಲ್ಲಿಂದ ಬಸವನಗುಡಿಗೆ ಆಟೊ. ಕೃಷ್ಣರಾವ್ ಉದ್ಯಾನದ ಹಿಂದಿನ ಬೀದಿಯಲ್ಲಿ ಮಾವನವರ ಮನೆ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನಕ್ಕಾಗಿ ಬೆಳೆದ ಬಡಾವಣೆಗಳಲ್ಲಿ ಮಲ್ಲೇಶ್ವರ ಮತ್ತು ಬಸವನಗುಡಿ ಅಕ್ಕ-ತಂಗಿಯರು. ಈಗ ಅಕ್ಕಪಕ್ಕದಲ್ಲೆಲ್ಲ ನಾಲ್ಕಂತಸ್ತಿನ ಕಟ್ಟಡಗಳೆದ್ದಿವೆ. ಈ ಮನೆ ಮಾತ್ರ ಇನ್ನೂ ಹೆಂಚಿನ ವರಾಂಡ ಉಳಿಸಿಕೊಂಡಿದೆ. ವರಾಂಡದಲ್ಲಿ ಒಂದು ಕಬ್ಬಿಣದ ಮೇಜು, ಎರಡು ಮಡಿಚುವ ಕುರ್ಚಿ. ಕಂಪನಿಯ ಹಳೆಯ ಸಾಮಾನನ್ನು ಹರಾಜಿಗೆ ಹಾಕಿದಾಗ ದುಡ್ಡು ಕೊಟ್ಟು, ರಸೀದಿ ಪಡೆದು ತಂದ ಮೇಜು ಅದು. ರಸೀದಿಯೂ ಮೇಜಿನ ಖಾನೆಯಲ್ಲಿದೆ.

ಅತ್ತೆ ಕಾಫಿ ಕೊಟ್ಟು, ಒಂದು ಕಾಗದ ತಂದು ಕೈಗಿತ್ತರು. ಮಾವನವರದೇ ಅಕ್ಷರ, ಅಂಚು ಬಿಟ್ಟು, ಕ್ರಮಸಂಖ್ಯೆ ಹಾಕಿ ಬರೆದದ್ದು. ಒಂದು: ವರ್ಷಾಬ್ದಿಕದ ಖರ್ಚಿಗೆ ಬೇರೆ ಖಾತೆಯಲ್ಲಿ ಹಣ ಇಟ್ಟಿದೆ. ಎರಡು: ಪತ್ರಿಕೆಯಲ್ಲಿ ಫೋಟೊ ಹಾಕಿಸಕೂಡದು. ಮೂರು: ಅಡುಗೆಯವರಿಗೆ ಮುಂಗಡ ಕೊಟ್ಟು ಬರೆಸಿಕೊಳ್ಳಬೇಕು. ನಾಲ್ಕನೆಯದು ವಿದ್ಯುತ್ ಬಿಲ್ಲಿನ ಹೆಸರು ಬದಲಾಯಿಸುವ ಕುರಿತು.

"ಹೋದ ಮೇಲೂ ಸುತ್ತೋಲೆ ಹೊರಡಿಸಿದ್ದಾರೆ ನೋಡಿ" ಎಂದರು ಅತ್ತೆ. ನಗುತ್ತಿದ್ದರೋ ಸಿಟ್ಟಾಗಿದ್ದರೋ ಹೇಳುವುದು ಕಷ್ಟ. ಐವತ್ತೈದು ವರ್ಷದ ಸಂಸಾರದಲ್ಲಿ ಎರಡೂ ಬೆರೆತಿರಬೇಕು.

ಸಂಜೆ ವಿದ್ಯಾರ್ಥಿ ಭವನಕ್ಕೆ ಹೋಗಲೇಬೇಕಾಯಿತು. ಮರುದಿನ ತಿಥಿ, ಹೊರಗೆ ತಿನ್ನುವಂತಿಲ್ಲ. ಶುಕ್ರವಾರ ಹೇಗೂ ಅಲ್ಲಿ ರಜೆ. 1943ರಿಂದ ಗಾಂಧಿ ಬಜಾರಿನಲ್ಲಿರುವ ಈ ಹೋಟೆಲಿನ ದೋಸೆಯ ಬಗ್ಗೆ ಬೆಂಗಳೂರಿನವರು ಆಡುವ ಮಾತುಗಳಲ್ಲಿ ಅರ್ಧ ನಿಜ. ಹೊರಗೆ ಗರಿ, ಒಳಗೆ ಮೆತ್ತಗೆ, ಅದು ನಿಜ. ಅದಕ್ಕಿಂತ ಒಳ್ಳೆಯ ದೋಸೆ ಭೂಮಿಯ ಮೇಲಿಲ್ಲ ಎಂಬುದನ್ನು ಧಾರವಾಡದವನಾಗಿ ನಾನು ಒಪ್ಪಲಾರೆ. ಮಾವನವರು ಸಂಬಳದ ಮುಂದಿನ ಭಾನುವಾರ ಮಕ್ಕಳಿಬ್ಬರನ್ನೂ ಇಲ್ಲಿಗೆ ಕರೆತರುತ್ತಿದ್ದರಂತೆ. ಸಾಲಿನಲ್ಲಿ ಕಾಯುವಾಗ ಬಾಯಿಲೆಕ್ಕ ಕೇಳುತ್ತಿದ್ದರಂತೆ. "ಉತ್ತರ ತಪ್ಪಿದರೂ ದೋಸೆ ಸಿಗುತ್ತಿತ್ತು. ಆದರೆ ತಿನ್ನುವಾಗಲೂ ಲೆಕ್ಕ ಮುಂದುವರಿಯುತ್ತಿತ್ತು" ಎಂದಳು ನನ್ನ ಹೆಂಡತಿ.

ಶುಕ್ರವಾರ

ಕಾರ್ತಿಕ ಬಹುಳ ದಶಮಿ. ಪುರೋಹಿತರು ಹೇಳಿದ ಹೊತ್ತಿಗೆ ಬಂದರು, ಹೇಳಿದ ಹೊತ್ತಿಗೆ ಮುಗಿಸಿದರು. ಮಾವನವರಿಗೆ ಅದು ಮೆಚ್ಚುಗೆಯಾಗುತ್ತಿತ್ತು. ವಡೆ, ಎಳ್ಳುಂಡೆ, ಊಟ, ಮಧ್ಯಾಹ್ನದ ನಿದ್ದೆ.

ನಿದ್ದೆ ಹತ್ತದ ನಾನು ಕಪಾಟಿನ ಕಡತಗಳನ್ನು ತೆಗೆದೆ. 1942ರಲ್ಲಿ ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪದವಿ. 1964ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತ, ಮುಂದೆ ಅಧಿಕಾರಿ. 1983ರಲ್ಲಿ ಪೀಣ್ಯದ ಯಂತ್ರಭಾಗಗಳ ಕಂಪನಿಗೆ. ಅಲ್ಲಿ ಸಿಬ್ಬಂದಿ ವ್ಯವಸ್ಥಾಪಕ, ಆಮೇಲೆ ಜನರಲ್ ಮ್ಯಾನೇಜರ್. 2002ರಲ್ಲಿ ನಿವೃತ್ತಿ. ಇಷ್ಟನ್ನು ಕಾರ್ಡಿನ ಹಿಂಬದಿಯಲ್ಲಿ ಹತ್ತು ಪಾಯಿಂಟಿನ ಅಕ್ಷರದಲ್ಲಿ ಕೂರಿಸಬಹುದು, ಜಾಗವೂ ಉಳಿಯುತ್ತದೆ.

ಕೆಳಗಿನ ಖಾನೆಯಲ್ಲಿ ಬೇರೆಯದೇ ಕಡತಗಳಿದ್ದವು. ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಹೆಸರು, ಟೋಕನ್ ಸಂಖ್ಯೆ, ಭವಿಷ್ಯನಿಧಿ ಖಾತೆಯ ಸಂಖ್ಯೆ. ಕೆಲವಕ್ಕೆ ಕೆಂಪು ಶಾಯಿಯಲ್ಲಿ 'ಮುಗಿಯಿತು' ಎಂಬ ಬರಹ. ಕೆಲವಕ್ಕೆ ಇಲ್ಲ.

ಇದು ವರಾಂಡದ ಮೇಜಿನ ಕೆಲಸ. ನಿವೃತ್ತಿಯ ನಂತರ ಪ್ರತಿ ಶನಿವಾರ ಹಳೆಯ ಕಾರ್ಮಿಕರು ಬಂದು ಮಾವನವರ ಎದುರು ಕೂರುತ್ತಿದ್ದರು. ಭವಿಷ್ಯನಿಧಿಯ ಹಣ, 1995ರ ನೌಕರರ ಪಿಂಚಣಿ ಯೋಜನೆಯಡಿಯ ಪಿಂಚಣಿ, ನವೆಂಬರ್ ಬಂದರೆ ಜೀವನ ಪ್ರಮಾಣಪತ್ರ. ಕೈಬರಹದಲ್ಲಿ ದಾಖಲಾದ ಕಾಲದ ಹೆಸರುಗಳು ಆಧಾರ್ ಬಂದ ಮೇಲೆ ಹೊಂದಿಕೆಯಾಗುತ್ತಿರಲಿಲ್ಲ. ಕಂಪನಿಯ ದಾಖಲೆಯಲ್ಲಿ 'ಅಯ್ಯ', ಆಧಾರಿನಲ್ಲಿ 'ಅಪ್ಪ'. ಒಂದು ಕಡೆ ಊರಿನ ಇನಿಷಿಯಲ್ ಮೊದಲು, ಇನ್ನೊಂದು ಕಡೆ ತಂದೆಯ ಹೆಸರು ಕೊನೆಗೆ. ಹುಟ್ಟಿದ ದಿನವಂತೂ ಶಾಲೆಯ ಮೇಷ್ಟ್ರು ಬರೆದದ್ದೇ ಜೂನ್ ಒಂದು. ಇವನ್ನು ತಿದ್ದಿಸಲು ಆಗ ಮಾಲೀಕರ ಸಹಿಯಿರುವ ಜಂಟಿ ಘೋಷಣೆ ಬೇಕಿತ್ತು. ಮಾಲೀಕರೇ ಅಂಗಡಿ ಎತ್ತಿ ಹೋಗಿದ್ದರೆ ಬ್ಯಾಂಕ್ ವ್ಯವಸ್ಥಾಪಕರನ್ನೋ ಗೆಜೆಟೆಡ್ ಅಧಿಕಾರಿಯನ್ನೋ ಹಿಡಿಯಬೇಕಿತ್ತು. ಮದುವೆಯಾದ ಹೊಸದರಲ್ಲಿ ನಾನು ಬಂದಾಗಲೆಲ್ಲ ಈ ಜನರ ಚಪ್ಪಲಿಗಳನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ಅಳಿಯ ಬಂದಿದ್ದಾನೆಂದು ಮಾವನವರು ಏಳುತ್ತಿರಲಿಲ್ಲ. ಪೆನ್ನೆತ್ತಿ, ಒಳಗೆ ಹೋಗಿ ಎಂದು ಸನ್ನೆ ಮಾಡುತ್ತಿದ್ದರು.

ಶನಿವಾರ

ಏಕಾದಶಿ. ಅತ್ತೆ ಉಪವಾಸವಿದ್ದರೂ ನಮ್ಮ ಜೊತೆ ಹೊರಟೇಬಿಟ್ಟರು. ಜಾಲಹಳ್ಳಿ ನೋಡಿ ನಲವತ್ತು ವರ್ಷವಾಗಿರಬೇಕು ಎಂದರು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದೆವು. ಇದು ಹೆಚ್ಚುಕಡಿಮೆ ಮಾವನವರ ದಾರಿಯೇ. ಆಗ ಬೆಳಗಿನ ಜಾವ ಎದ್ದು ಕಾರ್ಖಾನೆಯ ಬಸ್ಸಿಗೆ ಕಾಯಬೇಕಿತ್ತು. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ದಾಟುವವರೆಗೆ ರೈಲು ನೆಲದೊಳಗೆ. ಮೇಲೆ ಬಂದ ಮೇಲೆ ಶ್ರೀರಾಂಪುರ, ರಾಜಾಜಿನಗರದ ಮಾಳಿಗೆಗಳು, ಒಣಹಾಕಿದ ಸೀರೆಗಳು. ಒಂದು ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಗಂಧದೆಣ್ಣೆಯ ಉದ್ಯಮದ ಮುಂದುವರಿಕೆ ಇದು. ಬಾಗಿಲು ತೆರೆದಾಗ ಅತ್ತೆ ಮೂಗು ಅರಳಿಸಿದರು. ನನಗೇನೂ ವಾಸನೆ ಬರಲಿಲ್ಲ. ಅವರಿಗೆ ಬಂದಿತಂತೆ.

ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೊ ಹಿಡಿದು ಎಚ್‌ಎಂಟಿ ಪಾರಂಪರಿಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಮರಗಳ ನಡುವೆ ಹಳೆಯ ಕಟ್ಟಡ. ಬೆಂಗಳೂರಿಗೆ ಬರುವವರು ಲಾಲ್‌ಬಾಗ್, ಅರಮನೆ ಎಂದು ಓಡುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಬರಬೇಕು. 1953ರಲ್ಲಿ ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ ಹುಟ್ಟಿದ ಕಾರ್ಖಾನೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡತೊಡಗಿತು. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಂದು ಸಾಲಾಗಿ ಇಟ್ಟಿದ್ದಾರೆ. ನಮ್ಮ ಊರಿನಲ್ಲಿ ಹುಡುಗನಿಗೆ ಎಚ್‌ಎಂಟಿ ಕೊಟ್ಟರೆ ವರೋಪಚಾರ ಗಟ್ಟಿಯಾಯಿತು ಎನ್ನುತ್ತಿದ್ದ ಕಾಲ ನನಗೆ ನೆನಪಿದೆ. 2016ರಲ್ಲಿ ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನವಾದಾಗ ಮಾವನವರು ಪತ್ರಿಕೆಯ ಆ ಸುದ್ದಿಯನ್ನು ಕತ್ತರಿಸಿ, ದಿನಾಂಕ ಬರೆದು ಕಡತಕ್ಕೆ ಸೇರಿಸಿದ್ದರು. ಟಿಪ್ಪಣಿ ಏನೂ ಇಲ್ಲ.

ಅತ್ತೆ ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತರು. ಜೋಡಣೆಯ ವಿಭಾಗದಲ್ಲಿ ಮಹಿಳೆಯರು ಸಾಲಾಗಿ ಕೂತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದುದನ್ನು ಅವರು ಒಮ್ಮೆ ಬಂದು ನೋಡಿದ್ದರಂತೆ. "ನಾನೂ ಸೇರುತ್ತೇನೆ ಎಂದಿದ್ದೆ. ನಾನೇ ನೇಮಕಾತಿ ಮಾಡುವ ಕಡೆ ಹೆಂಡತಿಯನ್ನು ಸೇರಿಸಿದರೆ ಜನ ಏನೆನ್ನುತ್ತಾರೆ ಎಂದರು. ಜನ ಏನೂ ಅನ್ನುತ್ತಿರಲಿಲ್ಲ. ಎಷ್ಟೋ ಜನರ ಹೆಂಡತಿಯರು ಇದ್ದರು." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: "ನನ್ನ ಬೆರಳು ಸಣ್ಣ, ಚೆನ್ನಾಗಿ ಮಾಡುತ್ತಿದ್ದೆ." ಇದನ್ನು ನಾಳಿನ ಎರಡು ಪುಟದಲ್ಲಿ ಬರೆಯಲೇ ಎಂದು ಕೇಳಿದೆ. ಬರೆಯಿರಿ ಎಂದರು.

ಅತ್ತೆಗೆ ಆ ದಿನಗಳ ಬಗ್ಗೆ ಗಟ್ಟಿಯಾಗಿ ನೆನಪಿರುವುದು ಮುಷ್ಕರ. 1980ರ ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ 77 ದಿನ ನಡೆದ ಸಾರ್ವಜನಿಕ ವಲಯದ ಮುಷ್ಕರ ಅದು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಲ್ಲವೂ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗಿದ್ದರು. ಬೆಂಗಳೂರು ಆಗ ಐಟಿಯ ಊರಲ್ಲ, ಸೈರನ್ನಿನ ಊರು. ಮಾವನವರು ಅಧಿಕಾರಿ, ಒಳಗೆ ಹೋಗಲೇಬೇಕು. ಗೇಟಿನ ಹೊರಗೆ ನಿಂತವರಲ್ಲಿ ಬಸವನಗುಡಿಯ ಪಕ್ಕದ ಮನೆಯವರೂ ಇದ್ದರು. ಬೆಳಗ್ಗೆ ಅವರ ಧಿಕ್ಕಾರ ಕೇಳಿಸಿಕೊಂಡು ಒಳಗೆ ಹೋದವರು ಸಂಜೆ ಅವರ ಮನೆಗೆ ಅಕ್ಕಿಯ ಚೀಲ ಕಳುಹಿಸಿದರಂತೆ. ಅವರು ವಾಪಸ್ ಕಳುಹಿಸಿದರಂತೆ. ಮುಷ್ಕರ ಮುಗಿದ ಮೇಲೂ ಆರು ತಿಂಗಳು ಮಾತಿರಲಿಲ್ಲ.

ಅಲ್ಲಿಂದ ಪೀಣ್ಯ ಎರಡನೇ ಹಂತ. ಲಾರಿಗಳ ಸಾಲು, ಕಬ್ಬಿಣದ ಪುಡಿ ಬೆರೆತ ಕಪ್ಪು ಮಣ್ಣು, ಸಿದ್ಧ ಉಡುಪಿನ ಘಟಕಗಳಿಂದ ಊಟಕ್ಕೆ ಹೊರಬಂದ ಹೆಣ್ಣುಮಕ್ಕಳ ಗುಂಪು. ಮಾವನವರ ಕಂಪನಿಯ ಷೆಡ್ ಈಗ ಯಾರದೋ ಗೋದಾಮು. ಹೆಂಡತಿ ಫೋನ್ ಮಾಡಿ ಕರೆಸಿದ್ದ ಹಳೆಯ ಟರ್ನರ್ ಒಬ್ಬರು ಲಗ್ಗೆರೆಯಿಂದ ಬಂದು ಗೇಟಿನ ಬಳಿ ಕಾಯುತ್ತಿದ್ದರು. ಪಕ್ಕದ ರಸ್ತೆಯಲ್ಲೇ ಅವರ ಮಗನ ಎರಡು ಲೇತ್‌ಗಳ ವರ್ಕ್‌ಶಾಪ್. ಅಲ್ಲಿ ಸ್ಟೂಲು ಒರೆಸಿ ಕೂರಿಸಿ, ನಮಗೆ ಚಹಾ, ಅತ್ತೆಗೆ ಬಾಳೆಹಣ್ಣು ತರಿಸಿದರು.

ನಾನು ಸಹಿಗಳ ವಿಷಯ ಎತ್ತಿದೆ. ಅವರು ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದರು. 1999ರ ಪತ್ರ. ಕಂಪನಿಗೆ ಕೆಲಸದ ಆದೇಶಗಳು ಇಳಿದಿದ್ದ ಕಾಲ, ಸ್ವಯಂ ನಿವೃತ್ತಿ ಯೋಜನೆ ಜಾರಿಗೆ ಬಂದಿತ್ತು. ಹೆಸರಿಗೆ ಸ್ವಯಂ. ಯಾರು ಯಾರು 'ಸ್ವಯಂ' ಆಗಬೇಕೆಂಬ ಪಟ್ಟಿ ಮೊದಲೇ ಸಿದ್ಧವಿತ್ತು. ಆ ಪಟ್ಟಿಗೆ ಸಹಿ ಹಾಕಿದವರು ಮಾವನವರು. ಈ ಪತ್ರಕ್ಕೂ ಅವರದೇ ಸಹಿ. ಕೆಳಗೆಳೆದ ಗೆರೆ ಸಮೇತ ನಾನು ಚೆನ್ನಾಗಿ ಬಲ್ಲ ಸಹಿ.

"ನನಗಾಗ ನಲವತ್ತೆರಡು. ಮಗಳು ಏಳನೇ ತರಗತಿ. ಸಾಹೇಬರ ಮುಖ ನೋಡುವುದಿಲ್ಲ ಎಂದುಕೊಂಡೇ ಹೊರಗೆ ಬಂದೆ" ಎಂದರು.

ಆಮೇಲೆ ಅವರು ಇನ್ನೊಂದು ಹಾಳೆ ತೆಗೆದರು. ಅದು ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡುಗಂಟಿನ ಲೆಕ್ಕ. ಇಲ್ಲಿ ಸ್ವಲ್ಪ ವಿವರಿಸಬೇಕು. ಆಗ ಜಾರಿಯಲ್ಲಿದ್ದ 1972ರ ಕಾಯಿದೆಯ ಪ್ರಕಾರ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ. ಒಂದು ದಿನದ ವೇತನ ಎಷ್ಟು ಎಂಬುದರಲ್ಲಿದೆ ಗುಟ್ಟು. ತಿಂಗಳ ವೇತನವನ್ನು 30ರಿಂದ ಭಾಗಿಸಬಾರದು, ಕೆಲಸದ ದಿನಗಳಾದ 26ರಿಂದ ಭಾಗಿಸಬೇಕು. ಇವರ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 6,500 ರೂಪಾಯಿ, ಸೇವೆ 20 ವರ್ಷ. ಲೆಕ್ಕದ ವಿಭಾಗದವರು 30ರಿಂದ ಭಾಗಿಸಿ 65,000 ಎಂದು ಬರೆದಿದ್ದರು. ಅದರ ಮೇಲೆ ಹಸಿರು ಶಾಯಿಯ ಗೀಟು. ಪಕ್ಕದಲ್ಲಿ ಮಾವನವರ ಅಕ್ಷರ: "15/26. ಎಲ್ಲರದ್ದೂ ಮತ್ತೆ ಮಾಡಿ." ಕೆಳಗೆ 75,000. ಅದರಡಿಯಲ್ಲಿ ಅದೇ ಸಹಿ.

"ಹತ್ತು ಸಾವಿರ ಆಗ ಸಣ್ಣ ಮೊತ್ತವಲ್ಲ ಸ್ವಾಮಿ. ಇದೋ ಈ ಲೇತ್ ಇದೆಯಲ್ಲ, ಹಳೆಯದು, ಅದಕ್ಕೆ ಮುಂಗಡ ಕೊಟ್ಟೆ." ಲೇತಿನ ಮುಂದೆ ನಿಂತಿದ್ದ ಮಗ ತಲೆಯೆತ್ತದೆ ಕೆಲಸ ಮುಂದುವರಿಸಿದ. ಈ ಕಥೆಯನ್ನು ಅವನು ಬೇಕಾದಷ್ಟು ಸಲ ಕೇಳಿರಬೇಕು.

ದಾರಿಯಲ್ಲಿ ಹೆಂಡತಿ ಹೇಳಿದಳು, ಅಪ್ಪ ಶನಿವಾರದ ಅರ್ಜಿಗಳನ್ನು ಆರಂಭಿಸಿದ್ದು ಪ್ರಾಯಶ್ಚಿತ್ತಕ್ಕೆ ಎಂದು ಅವಳ ತಮ್ಮನ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. ಪಟ್ಟಿಗೆ ಸಹಿ ಹಾಕಿದ್ದು ತಪ್ಪೆಂದು ಅವರು ಯಾರ ಬಳಿಯೂ ಹೇಳಿದ್ದಿಲ್ಲ. ಕಂಪನಿ ಉಳಿಯಲು ಅದು ಬೇಕಿತ್ತು ಎಂದೇ ಕೊನೆಯವರೆಗೂ ವಾದಿಸುತ್ತಿದ್ದರು. ಕಂಪನಿ ಮಾತ್ರ ಉಳಿಯಲಿಲ್ಲ. ಅವರ ನಿವೃತ್ತಿಯ ನಂತರ ಕೈ ಬದಲಾಗಿ ಮುಚ್ಚಿತು. ಅರ್ಧಕ್ಕೆ ನಿಂತ ಕಡತ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟೇ. ನನ್ನ ಲಗ್ನಪತ್ರಿಕೆಯ ಕರಡನ್ನು ಮೂರು ಸಲ ತಿದ್ದಿ ಕಳುಹಿಸಿದ ಮನುಷ್ಯ. ಮುದ್ರಕ ನಾನೇ, ಮದುಮಗನೂ ನಾನೇ.

ಭಾನುವಾರ

ಸಭೆ ನಡೆದದ್ದು ಮನೆಗೆ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ. ಮಾವನವರಿಗೆ ಇಷ್ಟವಾಗಿದ್ದು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. 1945ರಲ್ಲಿ ಡಿ.ವಿ. ಗುಂಡಪ್ಪನವರು ಸ್ಥಾಪಿಸಿದ ಆ ಸಂಸ್ಥೆಯ ಉಪನ್ಯಾಸಗಳಿಗೆ ಅವರು ತಪ್ಪದೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಆದರೆ ಮನೆಯ ಸಮಾರಂಭಕ್ಕೆ ಅಂಥ ಜಾಗ ಕೇಳಬಾರದೆಂದು ಅತ್ತೆ ಅಂದರು.

ಮೊದಲು ಮಾತಾಡಿದವರು ಕಂಪನಿಯ ಹಿಂದಿನ ನಿರ್ದೇಶಕರೊಬ್ಬರು. ದೂರದೃಷ್ಟಿ, ನಾಯಕತ್ವ, ಮೌಲ್ಯಗಳು. ಎಲ್ಲವೂ ನನ್ನ ಮುದ್ರಣಾಲಯದಲ್ಲಿ ಅಚ್ಚಿಗೆ ಸಿದ್ಧವಾಗಿರುವ ಪದಗಳು. ಜನ ಚಪ್ಪಾಳೆ ತಟ್ಟಿದರು. ನಾನು 15/26ರ ವಿಷಯ ಓದಿದೆ. ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಆ ಭಾಗಾಕಾರ ಅಲ್ಲಿದ್ದ ಹಲವರಿಗೆ ಬಾಯಿಪಾಠ. ಅತ್ತೆಯ ಕೆಲಸದ ಪ್ರಸಂಗವನ್ನೂ ಓದಿದೆ. ಭಾವಮೈದುನ ಕೈಯಲ್ಲಿದ್ದ ಮೊಬೈಲ್ ನೋಡತೊಡಗಿದ.

ಆ ದಿನದ ಒಳ್ಳೆಯ ಮಾತು ಯೂನಿಯನ್ನಿನ ಹಳೆಯ ಕಾರ್ಯದರ್ಶಿಯದು. ಎಂಬತ್ತು ದಾಟಿದ, ಕೋಲು ಹಿಡಿದ ಮನುಷ್ಯ. "ಅವರನ್ನು ದೇವರು ಮಾಡಬೇಡಿ. ಅವರು ಆಡಳಿತ ವರ್ಗದ ಮನುಷ್ಯ. ನನಗೆ ಎರಡು ಸಲ ಆರೋಪಪಟ್ಟಿ ಕೊಟ್ಟವರು. ಆದರೆ ಅವು ಕನ್ನಡದಲ್ಲಿದ್ದವು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ನನ್ನ ಮೇಲೆ ಏನು ಆರೋಪವಿದೆ ಎಂದು ನನಗೇ ಓದಲು ಬಂದದ್ದು ಅದೇ ಮೊದಲು." ಆಗಿನ 1946ರ ಕಾಯಿದೆಯ ಪ್ರಕಾರ ಸ್ಥಾಯಿ ಆದೇಶಗಳನ್ನು, ಅಂದರೆ ಕಾರ್ಖಾನೆಯ ಕೆಲಸದ ಷರತ್ತು ಮತ್ತು ಶಿಸ್ತಿನ ನಿಯಮಗಳನ್ನು, ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೇಟಿನ ಬಳಿ ಹಾಕಬೇಕಿತ್ತು. ಮಾವನವರು ಅದನ್ನು ಅಕ್ಷರಶಃ ಪಾಲಿಸಿ, ತಾವೇ ಕೂತು ಕನ್ನಡಕ್ಕೆ ತಂದು ಗೇಟಿಗೆ ಅಂಟಿಸಿದ್ದರಂತೆ. "ಅದರಿಂದ ನಮಗೇ ಲಾಭವಾಯಿತು. ಅದನ್ನು ಓದಿಕೊಂಡೇ ಅವರ ಮೇಲೆ ಕೇಸು ಹಾಕಿದೆವು. ಒಂದರಲ್ಲಿ ಗೆದ್ದೆವು" ಎಂದು ಮುದುಕರು ನಕ್ಕರು.

ಊಟದ ಹೊತ್ತಿಗೆ ಒಬ್ಬ ಹೆಂಗಸು ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದಳು. ಗಂಡ ಅದೇ ಕಂಪನಿಯಲ್ಲಿ ಫಿಟ್ಟರ್ ಆಗಿದ್ದವನು, ಪಿಂಚಣಿ ಕೇಳದೆಯೇ ತೀರಿಕೊಂಡಿದ್ದ. ಮಾವನವರ ಕಡತಗಳಲ್ಲಿ 'ಮುಗಿಯಿತು' ಎಂದು ಬರೆಯದ ಒಂದು ಅವನದು. ಹತ್ತು ವರ್ಷಕ್ಕಿಂತ ಹೆಚ್ಚು ಸೇವೆ ಇರುವುದರಿಂದ ವಿಧವೆಗೆ ಪಿಂಚಣಿ ಬರಲೇಬೇಕು, ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿಗೆ ಕಾಗದಗಳ ಭಯವಿಲ್ಲ. ಊಟದ ಎಲೆ ತೆಗೆದ ಮೇಜನ್ನೇ ಒರೆಸಿ, ಪಿಂಚಣಿ ಅರ್ಜಿಯ 10-ಡಿ ನಮೂನೆ ಹರಡಿ ಕೂತಳು. ಏಜೆಂಟರಿಗೆ ಕೊಟ್ಟರೆ ಆಗುತ್ತದೆ, ಅವರ ಶುಲ್ಕ ನಾನೇ ಕೊಡುತ್ತೇನೆ ಎಂದ ಭಾವಮೈದುನ. "ಅಪ್ಪ ಇದ್ದಿದ್ದರೆ ಈ ಮಾತು ಆಡುತ್ತಿದ್ದೆಯಾ?" ಎಂದು ಅವಳು ಕೇಳಿದಳು. ಅವನು ಪಾಪ, ಮೊಸರನ್ನ ಬಡಿಸುವ ಕಡೆ ಹೋದ.

ಸೋಮವಾರ

ಬೆಳಗ್ಗೆ ಮರಣ ಪ್ರಮಾಣಪತ್ರ, ಪಾಸ್‌ಪುಸ್ತಕದ ಪ್ರತಿ, ಫೋಟೊ, ಹೆಸರಿನ ವ್ಯತ್ಯಾಸಕ್ಕೆ ಬ್ಯಾಂಕ್ ವ್ಯವಸ್ಥಾಪಕರ ದೃಢೀಕರಣ ಎಲ್ಲ ಜೋಡಿಸಿಕೊಂಡು, ಆ ಹೆಂಗಸಿನ ಜೊತೆ ಹೆಂಡತಿ ಭವಿಷ್ಯನಿಧಿ ಕಚೇರಿಗೆ ಹೋದಳು. ಸ್ವೀಕೃತಿ ಪಡೆದು ಮಧ್ಯಾಹ್ನ ವಾಪಸಾದಳು.

ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಡಲೆಕಾಯಿಯ ರಾಶಿಗಳು: ಹಸಿ, ಹುರಿದದ್ದು, ಬೇಯಿಸಿದ್ದು, ಸಣ್ಣದು, ಗಡಂಗು ತಳಿಯದು. ದೊಡ್ಡ ಬಸವಣ್ಣನ ದರ್ಶನಕ್ಕೆ ಸಾಲು ಉದ್ದವಿತ್ತು. ಅತ್ತೆ ದೂರದಿಂದಲೇ ಕೈ ಮುಗಿದು ರಾಶಿಗಳ ಕಡೆ ತಿರುಗಿದರು. ಮಾವನವರು ಪರಿಷೆಗೆ ಬಂದರೆ ಇಡೀ ರಸ್ತೆಯ ಬೆಲೆ ಕೇಳಿಕೊಂಡು ಹೋಗಿ, ಮತ್ತೆ ಮೊದಲ ಅಂಗಡಿಗೇ ವಾಪಸಾಗುತ್ತಿದ್ದರಂತೆ. ಅತ್ತೆ ಎದುರಿಗೆ ಸಿಕ್ಕ ಮೊದಲ ರಾಶಿಯಲ್ಲೇ, ಬೆಲೆ ಕೇಳದೆ, ಎರಡು ಸೇರು ಅಳೆಸಿಕೊಂಡರು. "ಇಷ್ಟು ವರ್ಷದಿಂದ ಹೀಗೆ ಕೊಳ್ಳಬೇಕೆಂದಿತ್ತು" ಎಂದರು.

ಮನೆಯಲ್ಲಿ ಚೀಲ ಕಟ್ಟುವಾಗ ಅತ್ತೆ ಇನ್ನೊಂದು ವಿಷಯ ಹೇಳಿದರು. ಮುಂದಿನ ಶನಿವಾರ ಇಬ್ಬರು ಬರುತ್ತೇವೆಂದು ಸಭೆಯಲ್ಲೇ ಹೇಳಿ ಹೋಗಿದ್ದಾರೆ. ಏನು ಹೇಳಿ ಕಳುಹಿಸಲಿ? ಕಾಗದಗಳ ಫೋಟೊ ತೆಗೆದು ಕಳುಹಿಸು, ನಾನು ನೋಡುತ್ತೇನೆ ಎಂದಳು ಹೆಂಡತಿ. ವರಾಂಡದ ಮೇಜನ್ನು ಅಟ್ಟಕ್ಕೆ ಹಾಕುವ ಯೋಚನೆಯಲ್ಲಿದ್ದ ಭಾವಮೈದುನ ಸದ್ಯಕ್ಕೆ ಸುಮ್ಮನಾದ.

ಶನಿವಾರದವರೆಗೆ ಕಾಯುವ ವ್ಯವಧಾನ ಅತ್ತೆಗೆ ಎಲ್ಲಿ! ರಾತ್ರಿಯ ರೈಲು ತುಮಕೂರು ದಾಟುವಷ್ಟರಲ್ಲಿ ಮೂರು ಫೋಟೊಗಳು ಬಂದವು, ಕಪಾಟಿನಲ್ಲಿ ಉಳಿದಿದ್ದ ಕಡತಗಳದು. ಒಂದೂ ಓದುವಂತಿರಲಿಲ್ಲ. ಒಂದರಲ್ಲಿ ಅತ್ತೆಯ ಹೆಬ್ಬೆರಳು ಖಾತೆ ಸಂಖ್ಯೆಯ ಮೇಲೆಯೇ ಇತ್ತು. "ಬೆಳಗ್ಗೆ ಬೆಳಕಿನಲ್ಲಿಟ್ಟು ಇನ್ನೊಮ್ಮೆ ತೆಗೆದುಕೊಡು, ಅಮ್ಮನ ಕೈಗೆ ಮೊಬೈಲ್ ಕೊಡಬೇಡ" ಎಂದು ತಮ್ಮನಿಗೆ ಸಂದೇಶ ಹಾಕಿ, ಹೆಂಡತಿ ಮೇಲಿನ ಬರ್ತಿಗೆ ಹತ್ತಿದಳು.